ಶ್ಯಾಮಲಿಯ ರುಚಿ ನೋಡಿದವರು

ಹೋದ ತಿಂಗಳು ಕಾರ್ಖಾನೆಯ ಆಫೀಸಿನಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಕೊಡಲು ಶ್ಯಾಮಲಿ ಬಿಸ್ಕತ್ತಿನ ಚರಿತ್ರೆಯ ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದಾರಂತೆ. ಹಳಬರು ತಮ್ಮ ಅನುಭವ ಬರೆದುಕೊಡಬೇಕಂತೆ. "ಚೆನ್ನಾಗಿರೋ ನೆನಪುಗಳನ್ನೇ ಬರೀರಿ ಮೇಡಂ" ಎಂದಳು. ಕಾರ್ಖಾನೆಯಲ್ಲಿದ್ದಷ್ಟು ವರ್ಷ ನನ್ನನ್ನು ಯಾರೂ ಮೇಡಂ ಎಂದಿರಲಿಲ್ಲ. ಮುಮ್ತಾಜಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬಾಯಿಬಡುಕಿ ಎನ್ನುತ್ತಿದ್ದರು. ಚೆನ್ನಾಗಿರುವ ನೆನಪು ಬೇಕಾದರೆ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದಾರಲ್ಲ, ಅದನ್ನೇ ಓದಿಕೊಳ್ಳಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆದರೂ ಬರೆಯಲು ಒಪ್ಪಿದೆ. ಗೌರಮ್ಮ ಎಂಬ ನನ್ನ ಜೊತೆಗಾರ್ತಿಯ ಬಗ್ಗೆ ಕಾರ್ಖಾನೆಯಲ್ಲಿ ಇವತ್ತಿಗೂ ಒಂದು ತಪ್ಪು ಮಾತು ಓಡಾಡುತ್ತದೆ. ಹೊಸ ಹುಡುಗಿಯರಿಗೂ ಅದನ್ನು ನಗುತ್ತಾ ಹೇಳುತ್ತಾರೆಂದು ಕೇಳಿದ್ದೇನೆ. ಅದನ್ನು ಸರಿ ಮಾಡುವುದು ನನ್ನಿಂದ ಮಾತ್ರ ಆಗುವ ಕೆಲಸ. ಅಲ್ಲಿಗೆ ಬರುವ ಮುಂಚೆ ಬಿಸ್ಕತ್ತಿನ ಕಥೆಯನ್ನು ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಸೇರಿದಾಗ ಕಾರ್ಖಾನೆ ಎಂಬುದೇ ಇರಲಿಲ್ಲ. ದಾವಣಗೆರೆಯ ಹಳೇ ಪೇಟೆಯಲ್ಲಿ ಯಜಮಾನರ ಬೇಕರಿ ಇತ್ತು. ಖಾರ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ರಸ್ಕು ಮಾಡುತ್ತಿದ್ದರು. ಯಾರೋ ನೆಂಟರು ಪರದೇಶದಿಂದ ತಂದ ಚಾಕಲೇಟು ಹೊದಿಸಿದ ಬಿಸ್ಕತ್ತನ್ನು ತಿಂದ ದಿನದಿಂದ ಅವರಿಗೆ ಅದೇ ಹುಚ್ಚು ಹಿಡಿಯಿತು. ಹಿಂದಿನ ಕೋಣೆಯಲ್ಲಿ ಆರು ಜನ ಹೆಂಗಸರನ್ನು ಕೂರಿಸಿ ಶುರು ಮಾಡಿಯೇಬಿಟ್ಟರು. ಹೆಸರಿಗಾಗಿ ಒಂದು ವಾರ ತಲೆ ಕೆಡಿಸಿಕೊಂಡು ಕೊನೆಗೆ ತಮ್ಮ ತಾಯಿಯ ಹೆಸರನ್ನೇ ಇಟ್ಟರು. "ಅವ್ವನೂ ಕಪ್ಪಗಿದ್ಲು, ಒಳಗೆ ಗರಿಗರಿ" ಎಂದು ಹೇಳಿಕೊಂಡು ಓಡಾಡುತ್ತಿದ್ದರು.

ಕೆಲಸ ಹೀಗಿತ್ತು. ಚಾಕಲೇಟಿನ ಗಟ್ಟಿಯನ್ನು ಸುತ್ತಿಗೆಯಲ್ಲಿ ಒಡೆದು, ಬಿಸಿನೀರಿನ ಹಂಡೆಯೊಳಗೆ ಇಟ್ಟ ಪಾತ್ರೆಯಲ್ಲಿ ಕರಗಿಸಬೇಕು. ಒಂದು ಕಡ್ಡಿಯಲ್ಲಿ ಅದ್ದಿ ಕೆಳತುಟಿಗೆ ತಗುಲಿಸಬೇಕು. ಬೆಚ್ಚಗನ್ನಿಸಿದರೆ ಇನ್ನೂ ಕಾಯಬೇಕು, ಒಂಚೂರು ತಣ್ಣಗನ್ನಿಸಿದರೆ ಕೈ ಹಾಕಬಹುದು. ಎರಡು ಹಲ್ಲಿನ ಫೋರ್ಕನ್ನು ಕಮ್ಮಾರರ ಹತ್ತಿರ ಮಾಡಿಸಿದ್ದರು. ಅದರ ಮೇಲೆ ಬಿಸ್ಕತ್ತು ಇಟ್ಟು, ಮುಳುಗಿಸಿ, ಎತ್ತಿ, ಪಾತ್ರೆಯ ಅಂಚಿಗೆ ಮೂರು ಸಲ ಬಡಿದು ಬೆಣ್ಣೆ ಕಾಗದದ ಮೇಲೆ ಇಡಬೇಕು. ಮೂರಕ್ಕಿಂತ ಕಮ್ಮಿ ಬಡಿದರೆ ಚಾಕಲೇಟು ಇಳಿದು ಬಿಸ್ಕತ್ತಿನ ಸುತ್ತ ನಿಲ್ಲುತ್ತಿತ್ತು. ಅದಕ್ಕೆ ನಾವು ಲಂಗ ಎನ್ನುತ್ತಿದ್ದೆವು. ನನ್ನ ಮೊದಲ ವಾರದ ಬಿಸ್ಕತ್ತುಗಳೆಲ್ಲ ಲಂಗ ಉಟ್ಟೇ ಪೇಟೆಗೆ ಹೋದವು.

ಗೌರಮ್ಮ ನನಗಿಂತ ಮೂರು ವರ್ಷ ದೊಡ್ಡವಳು, ಪಕ್ಕದ ಬಾತಿ ಹಳ್ಳಿಯಿಂದ ಬರುತ್ತಿದ್ದಳು. ಅವಳನ್ನು ಗೌರಕ್ಕ ಎಂದೇ ಕರೆಯುತ್ತಿದ್ದೆ. ನನ್ನ ಕೈ ಹಿಡಿದು ಬಡಿಯುವುದನ್ನು ಕಲಿಸಿದವಳು ಅವಳು. ಮಾತು ಕಮ್ಮಿ. ನಾನು ದಿನವಿಡೀ ಆಡುವ ಮಾತಿಗೆ ಅವಳ "ಹ್ಞೂಂ" ಒಂದೇ ಉತ್ತರ. ಅದಕ್ಕೇ ಇರಬೇಕು, ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಯಿತು.

ಬೇಸಿಗೆ ಬಂದರೆ ನಮ್ಮ ಊರಿನ ಬಿಸಿಲಿಗೆ ಚಾಕಲೇಟು ಹೆಪ್ಪುಗಟ್ಟುತ್ತಲೇ ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಆ ಕೋಣೆಗೆ ಬೀಗ. ಮೊದಲ ಮಳೆ ಬೀಳುವವರೆಗೆ ನಾವು ಆರೂ ಜನ ರಸ್ಕಿನ ಕಡೆ. ಅಂಗಡಿಯವರು ಕೇಳಿದರೆ "ಶ್ಯಾಮಲಿ ತವರಿಗೆ ಹೋಗ್ಯಾಳ್ರಿ" ಎನ್ನುತ್ತಿದ್ದೆವು. ಜನ ಕಾಯುತ್ತಿದ್ದರು. ಜೂನಿನಲ್ಲಿ ಮೊದಲ ಪೆಟ್ಟಿಗೆ ಅಂಗಡಿಗೆ ಬಂದಾಗ ಗಿರಾಕಿಗಳು "ಬಂದ್ಲಾ?" ಎಂದು ಕೇಳಿಕೊಂಡು ಬರುತ್ತಿದ್ದರು. ಈಗ ವರ್ಷವಿಡೀ ಸಿಗುತ್ತದೆ, ಯಾರೂ ಕೇಳುವುದಿಲ್ಲ.

ಒಂದು ಸಲ ಹರಿಹರದ ಅಂಗಡಿಯವರೊಬ್ಬರು ಪೆಟ್ಟಿಗೆ ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತೇನೆಂದು ಗಲಾಟೆ ಎಬ್ಬಿಸಿದರು. ಬಿಸ್ಕತ್ತಿಗೆ ಬೂಜು ಹಿಡಿದಿದೆ ಎಂದು ಅವರ ದೂರು. ಯಜಮಾನರು ನಮ್ಮಿಬ್ಬರನ್ನು ಬಸ್ಸು ಹತ್ತಿಸಿದರು. ನೋಡಿದರೆ ಮೇಲೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ನನಗೆ ರೋಷ ಬಂತು. ಎಲ್ಲರೆದುರು ಮೂರು ಬಿಸ್ಕತ್ತು ತಿಂದು "ನೋಡ್ರಿ, ಸತ್ತೆನಾ?" ಎಂದೆ.

"ನನ್ನ ಮುಂದೆ ತಿಂದ್ರಿ, ಸಂತೋಷ" ಎಂದರು ಅಂಗಡಿಯವರು. "ಒಬ್ಬೊಬ್ಬ ಗಿರಾಕಿ ಬಂದಾಗ್ಲೂ ಹಿಂಗೇ ಬಂದು ತಿಂತೀರೇನು?"

ಆಗ ಗೌರಕ್ಕ ಒಂದು ಬಿಸ್ಕತ್ತು ಎತ್ತಿಕೊಂಡು ಬೆಳ್ಳಗಿದ್ದ ಜಾಗದ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಉಜ್ಜಿದಳು. ಬೆರಳಿನ ಬಿಸಿಗೆ ಬಿಳುಪು ಮಾಯವಾಗಿ ಕಪ್ಪು ಹೊಳಪು ಬಂತು. "ಬೂಜಾದ್ರೆ ಹಿಂಗೆ ಹೋಗಲ್ಲಣ್ಣ. ಬಿಸಿಲಿಗೆ ಒಳಗಿನ ಬೆಣ್ಣೆ ಮೇಲಕ್ಕೆ ಬಂದೈತೆ. ನಿಮ್ಮ ಅಂಗ್ಡೀಲಿ ಪಶ್ಚಿಮದ ಬಿಸ್ಲು ಈ ಕಪಾಟಿಗೇ ಬೀಳ್ತೈತಲ್ಲ" ಎಂದಳು. ಅಂಗಡಿಯವರು ಕಪಾಟನ್ನು ಸರಿಸಿದರು, ಚಹಾ ತರಿಸಿದರು. ಸುದ್ದಿ ಕೇಳಿದ ಯಜಮಾನರು ಮಾರನೆಯ ದಿನದಿಂದ ನಮ್ಮಿಬ್ಬರನ್ನೂ ರುಚಿ ನೋಡುವ ಕೆಲಸಕ್ಕೆ ಹಾಕಿದರು. ಅವಳ ಪುಣ್ಯದಲ್ಲಿ ನನಗೂ ಆ ಕೆಲಸ ಸಿಕ್ಕಿತು.

ಹರಿಹರದ ಕಡೆ, ಗುತ್ತೂರಿನ ಹತ್ತಿರ ಕಾರ್ಖಾನೆ ಕಟ್ಟಿ ಯಂತ್ರ ತಂದ ಮೇಲೆ ಬಡಿಯುವ ಕೆಲಸ ನಿಂತಿತು. ಚಾಕಲೇಟು ಮೇಲಿನಿಂದ ತೆಳ್ಳನೆಯ ಪರದೆಯ ಹಾಗೆ ಇಳಿಯುತ್ತದೆ, ಬಿಸ್ಕತ್ತುಗಳು ಸಾಲಾಗಿ ಅದರೊಳಗೆ ತೂರಿಕೊಂಡು ಆಚೆ ಬರುತ್ತವೆ. ಮೊದಲ ದಿನ ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ನಾನಿದ್ದ ವಿನೋಬನಗರದಿಂದ ಬಸ್ಸು ಹಿಡಿದು ಹೋಗಿಬರುವುದು ನನಗೆ ಕಷ್ಟವಾಯಿತು, ಆದರೆ ಬೆರಳುಗಳಿಗೆ ಸುಖವಾಯಿತು.

ರುಚಿ ನೋಡುವ ಕೆಲಸ ಮಾತ್ರ ನಮ್ಮ ಬಳಿಯೇ ಉಳಿಯಿತು. ಯಂತ್ರದ ಬಾಯಲ್ಲಿ ಗೌರಕ್ಕ, ಶೆಡ್ಡಿನ ಇನ್ನೊಂದು ತುದಿಯಲ್ಲಿ ಪೊಟ್ಟಣ ಕಟ್ಟುವ ಮೇಜಿನ ಹತ್ತಿರ ನಾನು. ಒಂದು ಸಲಕ್ಕೆ ಇಳಿಸುವ ಪ್ರತಿ ಒಬ್ಬೆಗೂ ಅವಳು ಒಂದು ಬಿಸ್ಕತ್ತು ಕಚ್ಚಿ ನೋಡಿ ರುಚಿ ಪುಸ್ತಕದಲ್ಲಿ "ಸರಿ" ಎಂದು ಬರೆದು ಸಹಿ ಹಾಕಬೇಕು. ಪುಸ್ತಕ ನನ್ನ ಹತ್ತಿರ ಬರುತ್ತದೆ, ನಾನೂ ಕಚ್ಚಿ ನೋಡಿ ಸಹಿ ಹಾಕಬೇಕು. ಎರಡು ಸಹಿ ಇಲ್ಲದೆ ಒಂದು ಪೊಟ್ಟಣವೂ ಕಾರ್ಖಾನೆಯಿಂದ ಹೊರಗೆ ಹೋಗುವಂತಿರಲಿಲ್ಲ.

ಹಾಗಾದರೆ ರಂಜಾನಿನಲ್ಲಿ? ನಾಲಿಗೆಗೆ ತಗುಲಿಸಿ ಉಗುಳಿದರೆ ರೋಜಾದ ಉಪವಾಸ ಮುರಿಯುವುದಿಲ್ಲ, ಹೊಟ್ಟೆಪಾಡಿನ ಕೆಲಸವಲ್ಲವೇ ಎಂದು ನಮ್ಮ ಮಸೀದಿಯ ಹಜರತರು ಹೇಳಿದ್ದರು. ಆದರೆ ಶ್ಯಾಮಲಿಯನ್ನು ಬಾಯಿಗಿಟ್ಟು ಉಗುಳುವುದು ನನ್ನಂಥ ಆಸೆಬುರುಕಿಯ ಕೈಲಿ ಆಗುವ ಮಾತೇ? ಗೌರಕ್ಕ ಮೊದಲ ವರ್ಷವೇ ಹೇಳಿದ್ದಳು: "ನಿನ್ನ ತಿಂಗ್ಳು ನಾನು ನೋಡ್ಕಂತೀನಿ. ನನ್ನ ಶ್ರಾವಣದ ಸೋಮವಾರ ನೀನು ನೋಡ್ಕೋ." ಶ್ರಾವಣ ಸೋಮವಾರ ಅವಳು ಸಂಜೆ ಪೂಜೆಯಾಗುವವರೆಗೆ ಒಂದು ಹನಿ ನೀರೂ ಮುಟ್ಟುತ್ತಿರಲಿಲ್ಲ. ಅವತ್ತಿನಿಂದ ರಂಜಾನಿನಲ್ಲಿ ಅವಳ ನಾಲಿಗೆಯನ್ನು ನಂಬಿ ನನ್ನ ಸಹಿ, ಶ್ರಾವಣ ಸೋಮವಾರ ನನ್ನ ನಾಲಿಗೆಯನ್ನು ನಂಬಿ ಅವಳ ಸಹಿ. ಆ ಸೋಮವಾರಗಳಂದು ಅವಳು ಮೊದಲೇ ಸಹಿ ಹಾಕಿ ಪುಸ್ತಕ ಕಳಿಸುತ್ತಿದ್ದಳು, ನಾನು ತಿಂದು ನೋಡಿ ನನ್ನದು ಹಾಕುತ್ತಿದ್ದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಎಷ್ಟೋ ವರ್ಷ ಒಂದು ತಪ್ಪೂ ಆಗಲಿಲ್ಲ.

ಈ ನಡುವೆ ಯಜಮಾನರು ತೀರಿಕೊಂಡರು. ಹೊಸ ಮ್ಯಾನೇಜರಾಗಿ ವಾಮನರಾಯರು ಎಂಬುವವರು ಬಂದರು. ಕೆಟ್ಟವರಲ್ಲ. ನಮಗೆ ಕೂತುಕೊಳ್ಳಲು ಸ್ಟೂಲು ಹಾಕಿಸಿದವರೇ ಅವರು. ಆದರೆ ಕಾಗದದ ಮೇಲೆ ಇಲ್ಲದ್ದು ಯಾವುದೂ ಅವರಿಗೆ ಕಾಣುತ್ತಿರಲಿಲ್ಲ. ಅವರ ಕಾಲದಲ್ಲಿ ಕೋಕೋ ಬೆಣ್ಣೆಯ ಬದಲು ಗಟ್ಟಿ ಮಾಡಿದ ಎಣ್ಣೆ ಬಂತು. ಪೊಟ್ಟಣದ ಮೇಲಿನ ಚಾಕಲೇಟು ಎಂಬ ಮಾತು ಹೋಗಿ ಚಾಕೋ ಎಂದಾಯಿತು. ಬೇಸಿಗೆಯ ಬೀಗವೂ ಹೋಯಿತು. "ಬಾಯಲ್ಲಿ ಕರಗಲ್ಲ ಸಾರ್, ಅಂಗುಳಕ್ಕೆ ಅಂಟ್ಕಂತೈತೆ" ಎಂದೆ ನಾನು. "ಕರಗದೆ ಇರೋದೇ ನಮಗೆ ಬೇಕಾಗಿರೋದು ಮುಮ್ತಾಜಮ್ಮ" ಎಂದು ಅವರು ನಕ್ಕರು. ಅವರೇನೂ ಸುಳ್ಳು ಹೇಳಲಿಲ್ಲ. ಹಳ್ಳಿಹಳ್ಳಿಯ ಗೂಡಂಗಡಿಗೂ ಶ್ಯಾಮಲಿ ಹೋದದ್ದು ಆ ಎಣ್ಣೆಯಿಂದಲೇ. ಆದರೆ ಆ ಎಣ್ಣೆಗೆ ಒಂದು ದುರ್ಗುಣವಿತ್ತು. ನೀರು ತಗುಲಿ ಕೆಲವು ದಿನವಾದರೆ ಸೋಪಿನ ರುಚಿ ಬರುತ್ತಿತ್ತು.

ರಂಜಾನ್ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ, ನಿಮಗೆ ಗೊತ್ತಿರುವುದೇ. ಹಾಗೆ ಸರಿಯುತ್ತಾ ಒಂದು ವರ್ಷ ಶ್ರಾವಣದೊಳಗೆ ಬಂದು ಕೂತಿತು. ನಾವು ರುಚಿ ನೋಡಲು ಶುರು ಮಾಡಿದ ಮೇಲೆ ಎರಡೂ ಒಟ್ಟಿಗೆ ಬಂದದ್ದು ಅದೇ ಮೊದಲು. ರೋಜಾ ಶುರುವಾದ ದಿನದಿಂದ ಎಂದಿನಂತೆ ಗೌರಕ್ಕನೇ ರುಚಿ ನೋಡುತ್ತಿದ್ದಳು. ಆಮೇಲೆ ಸೋಮವಾರ ಬಂತು. ಅವಳು ಎಂದಿನ ಸೋಮವಾರದಂತೆ, ಆ ತುದಿಯಲ್ಲಿ ಮುಮ್ತಾಜ್ ನೋಡುತ್ತಾಳೆ ಎಂದು ಸಹಿ ಹಾಕಿ ಪುಸ್ತಕ ಕಳಿಸಿದಳು. ನಾನು ಎಂದಿನ ರಂಜಾನಿನಂತೆ, ಗೌರಕ್ಕ ನೋಡಿರುತ್ತಾಳೆ ಎಂದು ಸಹಿ ಹಾಕಿದೆ. ಅವಳ ವ್ರತ ನನಗೆ ಗೊತ್ತಿತ್ತು, ನನ್ನ ರೋಜಾ ಅವಳಿಗೆ ಗೊತ್ತಿತ್ತು. ಆದರೂ ಆ ದಿನ ಇಬ್ಬರಿಗೂ ನೆನಪಾದದ್ದು ಅವರವರ ಉಪವಾಸ ಮಾತ್ರ.

ಒಂದು ಮಾತು ಬಚ್ಚಿಡಬಾರದು. ಅವತ್ತಿನ ಒಂದು ಒಬ್ಬೆ ನನ್ನ ಮುಂದೆ ಬಂದಾಗ ಮೂಗಿಗೆ ಸಣ್ಣಗೆ ಸೋಪಿನ ವಾಸನೆ ಬಡಿದಿತ್ತು. ಸೋಮವಾರ ನೆಲ ತೊಳೆಯುವ ದಿನ, ಅದರದ್ದೇ ಇರಬೇಕು ಎಂದುಕೊಂಡೆ. ಗೌರಕ್ಕನ ತುದಿಗೆ ಹೋಗಿ ಕೇಳಲು ನೂರು ಹೆಜ್ಜೆಯೂ ಆಗುತ್ತಿರಲಿಲ್ಲ. ಬಾಯಿ ಒಣಗಿತ್ತು, ಎದ್ದು ನಡೆಯಲು ಬೇಜಾರಾಯಿತು.

ಆ ಪೊಟ್ಟಣಗಳು ಸ್ವಾತಂತ್ರ್ಯ ದಿನಾಚರಣೆಗೆಂದು ಹರಿಹರದ ಒಂದು ಶಾಲೆಗೆ ಹೋದವು. ಬಾವುಟ ಹಾರಿಸಿ ಹಾಡು ಹೇಳಿದ ಮಕ್ಕಳಿಗೆ ತಲಾ ಒಂದು ಶ್ಯಾಮಲಿ ಕೊಟ್ಟರು. ಸಾಲಾಗಿ ಕೂತ ಮಕ್ಕಳು ಸಾಲಾಗಿ ಉಗುಳಿದರಂತೆ. ಪುಣ್ಯಕ್ಕೆ ಯಾರ ಹೊಟ್ಟೆಯೂ ಕೆಡಲಿಲ್ಲ. ಮಾರನೆಯ ದಿನ ಶಾಲೆಯ ಟೀಚರಮ್ಮ ಪೇಪರಿನಲ್ಲಿ ಸುತ್ತಿದ ಬಿಸ್ಕತ್ತುಗಳನ್ನು ವಾಮನರಾಯರ ಮೇಜಿನ ಮೇಲೆ ಇಟ್ಟು, "ನೀವೇ ತಿಂದು ನೋಡ್ರಿ" ಎಂದು ಎದ್ದು ಹೋದರು. ಅವರು ತಿಂದು ನೋಡಿದರು. ಗೋದಾಮಿನ ಶೀಟು ಸೋರಿ ಒಂದು ಎಣ್ಣೆ ಡ್ರಮ್ಮಿಗೆ ಮಳೆನೀರು ಇಳಿದದ್ದು ಆಗ ಗೊತ್ತಾಯಿತು. ಡ್ರಮ್ಮು ಹಾಳಾಗುವುದು ಯಾವ ಕಾರ್ಖಾನೆಯಲ್ಲೂ ಇದ್ದದ್ದೇ. ಅದನ್ನು ಹಿಡಿಯಲೆಂದೇ ನಮ್ಮಿಬ್ಬರನ್ನು ಇಟ್ಟಿದ್ದರು.

ಮೊದಲು ಗೌರಕ್ಕನನ್ನು ಒಳಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆಗ ಹೊಸದಾಗಿ ಒಂದು ಸುದ್ದಿ ಹಬ್ಬಿತ್ತು: ಉಪವಾಸ ಮಾಡುವವರನ್ನು ಇನ್ನು ಮುಂದೆ ರುಚಿ ನೋಡುವ ಕೆಲಸಕ್ಕೆ ಇಡುವುದಿಲ್ಲವಂತೆ ಎಂದು. ನನಗೆ ಆ ಕೆಲಸ ಹೋದರೆ ಮತ್ತೇನೂ ಇರಲಿಲ್ಲ. ಕಾರ್ಖಾನೆಯಲ್ಲಿ ನನ್ನ ಮರ್ಯಾದೆಯೆಲ್ಲ ಈ ನಾಲಿಗೆಯ ಮೇಲೆ ನಿಂತಿತ್ತು. ಗೌರಕ್ಕ ಹೊರಗೆ ಬಂದಳು. ನನ್ನ ಮುಖವನ್ನೊಮ್ಮೆ ನೇರವಾಗಿ ನೋಡಿ, ಏನೂ ಹೇಳದೆ ಯಂತ್ರದ ಕಡೆ ಹೋದಳು.

ಒಳಗೆ ವಾಮನರಾಯರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ಗೌರಮ್ಮ ತಿಂದು ನೋಡಿದೆ, ನೆಗಡಿಯಾಗಿತ್ತು, ರುಚಿ ಗೊತ್ತಾಗಲಿಲ್ಲ ಅಂತಾರೆ. ನೀವು ಅವರ ಸಹಿ ನಂಬಿ ಸಹಿ ಹಾಕಿದ್ರಾ?"

ಅವಳಿಗೆ ನೆಗಡಿ ಇರಲಿಲ್ಲ. ಸೋಮವಾರ ಅವಳು ಏನನ್ನೂ ಬಾಯಿಗೆ ಹಾಕುವುದಿಲ್ಲ ಎಂಬುದು ಆ ಕಾರ್ಖಾನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಹೌದು ಸಾರ್" ಎಂದೆ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಅವಳ ಸಹಿಯನ್ನು ನಂಬಿಯೇ ನಾನು ಸಹಿ ಹಾಕಿದ್ದು. ಎಷ್ಟೋ ವರ್ಷ ಈ ಸಮಾಧಾನವನ್ನೇ ನನಗೆ ನಾನು ಹೇಳಿಕೊಂಡೆ. ಹೇಳಿಕೊಂಡಷ್ಟೂ ನಾಚಿಕೆ ಹೆಚ್ಚಾಗುತ್ತಿತ್ತು.

ಗೌರಕ್ಕನನ್ನು ಟ್ರೇ ತೊಳೆಯುವ ಕಡೆಗೆ ಹಾಕಿದರು. ನಿವೃತ್ತಿಯಾಗುವವರೆಗೂ ಅವಳು ಅಲ್ಲೇ ಇದ್ದಳು, ಮೊಣಕೈವರೆಗೆ ಸೋಡಾ ನೀರಿನಲ್ಲಿ. ತಿಂದವಳನ್ನು ನಂಬಿದವಳದ್ದೇನು ತಪ್ಪು ಎಂದು ನನ್ನನ್ನು ಮಾತ್ರ ಬಿಟ್ಟರು. ರಂಜಾನಿನಲ್ಲಿ ರುಚಿ ನೋಡಲು ಬೇರೆಯವಳನ್ನು ಕೊಟ್ಟರು, ಉಳಿದ ಹನ್ನೊಂದು ತಿಂಗಳು ನಾನೇ ದೊಡ್ಡ ನಾಲಿಗೆ. ಕ್ಯಾಂಟೀನಿನಲ್ಲಿ ಹೆಂಗಸರು ಅವಳಿಗೆ "ಶ್ರಾವಣ ಸೋಮವಾರ ಚಾಕ್ಲೇಟ್ ತಿಂದೋಳು" ಎಂದು ಹೆಸರಿಟ್ಟರು. ನಾನು ಬಾಯಿಬಡುಕಿ, ಎಲ್ಲದಕ್ಕೂ ಎದುರಾಡುವವಳು. ಆ ಮಾತು ಬಂದಾಗ ಮಾತ್ರ ಬುತ್ತಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದೆ. ಅವಳು ನನ್ನೊಡನೆ ಮಾತು ಬಿಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದಳು, ಅದೇ "ಹ್ಞೂಂ". ನನ್ನನ್ನು ಉಳಿಸಲೆಂದೇ ಅವಳು ಹಾಗೆ ಹೇಳಿದಳು ಎಂದು ನಾನು ನಂಬಿಕೊಂಡಿದ್ದೆ. ಅವಳು ದೊಡ್ಡ ಮನಸ್ಸಿನವಳು ಎಂದು ಹೊಗಳಿಬಿಟ್ಟರೆ ನನ್ನ ಪಾಲಿನ ಕೆಲಸ ಮುಗಿಯುತ್ತಿತ್ತಲ್ಲ.

ಈ ಬರಹ ಬರೆಯಲು ಕೂತಾಗ ಆ ಜಾಗಕ್ಕೆ ಬಂದು ಪೆನ್ನು ನಿಂತಿತು. ಹೋದ ವಾರ ಬಾತಿಗೆ ಹೋದೆ. ಗೌರಕ್ಕ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. "ಬಾ, ಕುಂದ್ರು" ಎಂದು ಒಂದು ಹಿಡಿ ನನ್ನ ಮುಂದೆಯೂ ಹಾಕಿದಳು. ಇಬ್ಬರೂ ಬೀಜ ತೆಗೆಯುತ್ತಾ ಕೂತೆವು. ಪುಸ್ತಕಕ್ಕೆ ಬರೆಯುತ್ತಿರುವುದನ್ನು ಹೇಳಿದೆ. ಕೊನೆಗೆ ಕೇಳಿದೆ.

"ಗೌರಕ್ಕ, ಅವತ್ತು ಮ್ಯಾನೇಜರ್ ಮುಂದೆ ತಿಂದು ನೋಡ್ದೆ ಅಂತ ಯಾಕ ಹೇಳ್ದೆ? ನನ್ನ ಉಳಿಸಾಕಾ?"

ಅವಳು ಕೈ ನಿಲ್ಲಿಸಲಿಲ್ಲ. "ನಿನ್ನ ಉಳಿಸಾಕಲ್ಲ. ಇಬ್ರೂ ಉಳಿಯಾಕ. ತಿಂದೇ ಇಲ್ಲ ಅಂದ್ರೆ ಉಪವಾಸದೋರು ಬ್ಯಾಡ ಅಂತ ಇಬ್ರುನ್ನೂ ತೆಗೀತಿದ್ರು. ತಿಂದ್ವಿ, ನಾಲಿಗೆ ಕೈಕೊಟ್ತು ಅಂತ ಇಬ್ರೂ ಅಂದಿದ್ರೆ ಒಂದಿಷ್ಟು ಬೈದು ಬಿಡ್ತಿದ್ರು. ನೀನೂ ಹಂಗೇ ಹೇಳ್ತೀಯ ಅನ್ಕಂಡಿದ್ದೆ."

"ನನಗೆ ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?"

"ನಿನ್ನ ಮುಖ ನೋಡಿದ್ನಲ್ಲ, ಬಾಗ್ಲಾಗೆ. ಅಷ್ಟು ವರ್ಷ ಸಲಸಲಕ್ಕೂ ಹೇಳಿ ಮಾಡಿದ್ವಾ ನಾವು?"

ನನಗೆ ಅಳು ಬಂತು, ಅತ್ತುಬಿಟ್ಟೆ. ತಪ್ಪಾಯಿತು ಎಂದೆ. ಹತ್ತಾರು ವರ್ಷಗಳ ಹಿಂದೆಯೇ ಹೇಳಬೇಕಾದ ಮಾತು, ಹೇಳುವಾಗ ಬಹಳ ಚಿಕ್ಕದಾಗಿತ್ತು. ಗೌರಕ್ಕ ಸೆರಗಿನಲ್ಲಿ ನನ್ನ ಮುಖ ಒರೆಸಿ, ಒಳಗಿನ ಕೋಣೆಯ ಕಡೆ ಕಣ್ಣಿನಲ್ಲೇ ತೋರಿಸಿದಳು. ಅಲ್ಲಿ ಅವಳ ಅತ್ತೆ ಮಲಗಿದ್ದರು. ಬಹಳ ವಯಸ್ಸಾಗಿದೆ, ಹಾಸಿಗೆ ಬಿಟ್ಟು ಏಳುವುದಿಲ್ಲ.

"ಟ್ರೇ ತೊಳೆಯೋದೇನು, ಕೈ ಇತ್ತು, ತೊಳೆದೆ" ಎಂದಳು. "ಇವರಿಗೆ ನಮ್ಮೂರೋರು ಯಾರೋ ಹೇಳಿದ್ರು, ನಿನ್ನ ಸೊಸೆ ಶ್ರಾವಣ ಸೋಮವಾರ ತಿಂದ್ಲಂತೆ ಅಂತ. ಅವತ್ತಿಂದ ದೇವ್ರ ದೀಪ ಹಚ್ಚೋದು ನನ್ನ ಕೈಯಿಂದ ಬಿಡಿಸಿ ಸಣ್ಣ ಸೊಸೆಗೆ ಕೊಟ್ರು. ಇಲ್ಲತ್ತೆ, ತಿಂದಿಲ್ಲ ಅಂದೆ. ಹಂಗಾದ್ರೆ ಮ್ಯಾನೇಜರ್ ಮುಂದೆ ಸುಳ್ಳು ಹೇಳಿದ್ಯಾ ಅಂದ್ರು. ಅದಕ್ಕೇನು ಹೇಳ್ಲಿ?"

ಅವಳು ಮತ್ತೊಂದು ಹಿಡಿ ಹುಣಸೆಹಣ್ಣು ಮುಂದಕ್ಕೆ ಎಳೆದುಕೊಂಡಳು.

"ಬರೀತಿದೀನಿ ಅಂದ್ಯಲ್ಲ. ನನ್ನ ಹೊಗಳಬ್ಯಾಡ, ನಿನ್ನ ಬೈಕಳಬ್ಯಾಡ. ಅವತ್ತು ನಾನು ತಿಂದಿರ್ಲಿಲ್ಲ ಅಂತ ಅಷ್ಟೇ ಬರಿ. ಇವರು ಇರೋವಾಗ್ಲೇ ಬರಿ."

ಆಫೀಸಿನ ಹುಡುಗಿಗೆ ನನ್ನ ಕೋರಿಕೆ ಇಷ್ಟೇ. ಯಂತ್ರದ ಕಥೆ, ಎಣ್ಣೆಯ ಕಥೆ, ನಾನು ಅಂಗಡಿಯಲ್ಲಿ ಮೂರು ಬಿಸ್ಕತ್ತು ತಿಂದ ಕಥೆ ಯಾವುದನ್ನು ಬೇಕಾದರೂ ಕತ್ತರಿಸಿಕೋ. ಮುಂದಿನ ನಾಲ್ಕು ಸಾಲನ್ನು ಮುಟ್ಟಬೇಡ. ಆ ಶ್ರಾವಣ ಸೋಮವಾರ ಗೌರಮ್ಮ ಶ್ಯಾಮಲಿಯ ರುಚಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನೋಡದೆಯೇ ಇಬ್ಬರೂ ಸಹಿ ಹಾಕಿದೆವು. ವಿಚಾರಣೆಯಲ್ಲಿ ತಪ್ಪು ಅವಳೊಬ್ಬಳ ಮೇಲೆ ಬಿದ್ದಾಗ ನಾನು ಬಾಯಿ ಬಿಡಲಿಲ್ಲ. ಸೋಮವಾರದ ಪೂಜೆಗೆ ಮುಂಚೆ ಅವಳ ಬಾಯಿಗೆ ಏನೂ ಬಿದ್ದಿರಲಿಲ್ಲ.

ಪುಸ್ತಕ ಅಚ್ಚಾಗಿ ಬರುವವರೆಗೆ ನಾನು ಕಾಯುವುದಿಲ್ಲ. ಈ ಹಾಳೆಗಳ ಜೆರಾಕ್ಸ್ ಮಾಡಿಸಿಕೊಂಡು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಾತಿಗೆ ಹೊರಡುತ್ತೇನೆ. ಗೌರಕ್ಕನ ಅತ್ತೆಗೆ ಕಿವಿ ಮಂದವಂತೆ, ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕಂತೆ.